ಹೆದರಿಸುವವರ ಹೊಣೆ

ಎಂಬತ್ತರ ದಶಕದಲ್ಲಿ ಕಮಲಾಪುರದ ತವರುಮನೆಯ ಪಡಸಾಲೆಯಲ್ಲಿ ಕಂದೀಲು ಹಚ್ಚಿಕೊಂಡು ‘ತುಳಸಿದಳ’ ಓದಿದೆ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಕನ್ನಡಕ್ಕೆ ಬಂದು ಮನೆಮನೆ ಹೊಕ್ಕ ಕಾಲವದು. 1985ರಲ್ಲಿ ಸಿನಿಮಾವೂ ಆಯಿತು. ಕೆಂಪು ಬಾಳೆಯ ತೋಟದಲ್ಲಿ ಎಲೆ ಅಲುಗಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಹಿತ್ತಲಿಗೆ ಹೋಗಬೇಕಾದರೆ ಅವ್ವನನ್ನು ಎಬ್ಬಿಸಬೇಕು. “ಅಂಜಿಕಿ ಬರ್ತದಂದ್ರ ಯಾಕ ಓದ್ತಿ?” ಎಂದು ಅವ್ವ ಬೈಯುವಳು.

ಈಚೆಗೆ ಕಲಬುರಗಿಯ ಮನೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಅದೇ ಪುಸ್ತಕ ಸಿಕ್ಕಿತು. ಕೂತವಳು ಮುಗಿಸಿಯೇ ಎದ್ದೆ. ಉಸಿರು ಕಟ್ಟುವ ಹೊತ್ತಿಗೆ ಸನ್ನಿವೇಶ ಕಡಿದು ಇನ್ನೊಂದು ಕಡೆಗೆ ಎಳೆದೊಯ್ಯುವ ಆ ಕೈಚಳಕಕ್ಕೆ ಈಗಲೂ ಕೈ ಮುಗಿಯುತ್ತೇನೆ. ಆದರೆ ಈ ಸಲ ಮೆಚ್ಚಿಕೆಯ ಜೊತೆಗೆ ಸಿಟ್ಟೂ ಬಂತು.

ತುಳಸಿ ಎಂಬ ಕೂಸು ಹಾಸಿಗೆ ಹಿಡಿಯುತ್ತದೆ. ಡಾಕ್ಟರು ಒಂದು ಹೇಳುತ್ತಾರೆ, ಮಾಂತ್ರಿಕರು ಇನ್ನೊಂದು. ಲೇಖಕರು ಎರಡಕ್ಕೂ ಬಾಗಿಲು ತೆರೆದಿಟ್ಟಿದ್ದಾರೆಂದು ಹೊಗಳುವವರುಂಟು. ನಾನು ಒಪ್ಪುವುದಿಲ್ಲ. ಡಾಕ್ಟರ ಮಾತು ಡಾಕ್ಟರ ಬಾಯಿಂದ ಬರುತ್ತದೆ. ಕಾಷ್ಮೋರದ ಪ್ರಯೋಗವನ್ನು ಮಾತ್ರ ನಿರೂಪಕನೇ ಕಣ್ಣಾರೆ ಕಂಡವನಂತೆ ತೋರಿಸುತ್ತಾನೆ. ತಕ್ಕಡಿ ಹಿಡಿದವನೇ ಒಂದು ಕಡೆ ಒತ್ತಿದರೆ ತೂಕ ಸಮವೆಂದು ಹೇಗೆ ನಂಬೋಣ?

ಹೆದರಿಸಲು ಬೇರೆ ದಾರಿಯಿಲ್ಲವೆ? ಇದೆ. ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ದಿನಚರಿ, ಪತ್ರ, ಪತ್ರಿಕೆಯ ತುಣುಕುಗಳಲ್ಲೇ ಸಾಗುತ್ತದೆ. ಯಾರು ಎಷ್ಟು ಕಂಡರೋ ಅಷ್ಟನ್ನೇ ಹೇಳುತ್ತಾರೆ. ಆ ಕಾಗದಗಳನ್ನು ಬೆರಳಚ್ಚು ಮಾಡಿ ಜೋಡಿಸುವವಳು ಮೀನಾ ಎಂಬ ಹೆಂಗಸು. ಪೀಡೆ ಅವಳನ್ನೂ ಬಿಡುವುದಿಲ್ಲ. ಆದರೂ ಅವಳ ಮಾತು ಅವಳೇ ಬರೆಯುತ್ತಾಳೆ.

ನಮ್ಮ ಸೀಮೆಯಲ್ಲಿ ಇದು ಬರೀ ಕಥೆಯ ಮಾತಲ್ಲ. ಕಲಬುರಗಿ, ಬೀದರ ಕಡೆ ಭಾನಾಮತಿಯ ಹೆಸರು ಕೇಳದ ಮನೆ ಉಂಟೆ? ಆಗ ನಮ್ಮ ಓಣಿಯ ಸೊಸೆಯೊಬ್ಬಳು ನಾಯಿಯಂತೆ ಬೊಗಳತೊಡಗಿದಳು. ಮಾಡಿಸಿದವಳೆಂದು ಒಂಟಿ ಮುದುಕಿಯೊಬ್ಬಳತ್ತ ಬೆರಳು ತೋರಿಸಿದರು. ಬೊಗಳಿದವಳೂ ಹೆಣ್ಣು, ಬೈಸಿಕೊಂಡವಳೂ ಹೆಣ್ಣು. “ಯಾಕವ್ವ, ಏನಾಗ್ಯದ ನಿನಗ?” ಎಂದು ಆ ಸೊಸೆಯನ್ನು ಒಬ್ಬರೂ ಕೂತು ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ವಾರ ನಾನು ‘ತುಳಸಿದಳ’ ಓದುತ್ತಿದ್ದೆ. ಮುದುಕಿ ಎದುರು ಬಂದರೆ ಓಡಿಹೋಗುತ್ತಿದ್ದೆ.

ಅಮಾನವೀಯ ಪದ್ಧತಿ, ವಾಮಾಚಾರಗಳ ವಿರುದ್ಧ ನಮ್ಮ ರಾಜ್ಯ 2017ರಲ್ಲಿ ಕಾಯಿದೆ ಮಾಡಿತು. ಅದು 2020ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆದರೆ ಈಗ ಶಿಕ್ಷೆಯಿದೆ. ಕಾದಂಬರಿಗೆ ಅಂಥ ಕಾಯಿದೆ ಬೇಡ, ಬೇಡವೇ ಬೇಡ. ಆದರೆ ಹೆದರಿಸುವ ಬರಹಗಾರರೇ, ನೀವು ಪುಸ್ತಕ ಮುಗಿಸಿ ಏಳುತ್ತೀರಿ. ನೀವು ಹುಟ್ಟಿಸಿದ ಅಂಜಿಕೆ ನಮ್ಮ ಓಣಿಯಲ್ಲಿ ಯಾರದೋ ಬಾಗಿಲು ತಟ್ಟುತ್ತದೆ. ಆ ಹೊಣೆ ನಿಮಗಿಲ್ಲವೆ?

ಪುಸ್ತಕವನ್ನು ನಾನು ರದ್ದಿಗೆ ಹಾಕಿಲ್ಲ. ಮೊಮ್ಮಗಳು ಕೇಳಿದರೆ ಕೊಡುತ್ತೇನೆ. ಮೊದಲು ಆ ಮುದುಕಿಯ ಕಥೆ ಹೇಳಿ, ಆಮೇಲೆ ಕೊಡುತ್ತೇನೆ.