ಊರಾಚೆಯ ಮನೆ: ಆರೋಗ್ಯಕ್ಕೆ ಹಿತವೇ?

ಬೆಂಗಳೂರಿನ ಹೊಗೆ, ಗದ್ದಲ, ಬಾಡಿಗೆ ಈ ಮೂರರಿಂದಲೂ ಬೇಸತ್ತ ಕುಟುಂಬಗಳು ನೆಲಮಂಗಲ, ಹೊಸಕೋಟೆ, ಆನೇಕಲ್, ಬಿಡದಿಯಂತಹ ಊರುಗಳತ್ತ ಕಣ್ಣು ಹಾಯಿಸುತ್ತಿವೆ. ‘ಅಲ್ಲಿ ಗಾಳಿ ಚೆನ್ನಾಗಿದೆ ಡಾಕ್ಟ್ರೇ, ಮಗುವಿನ ಕೆಮ್ಮು ಕಡಿಮೆಯಾಗುತ್ತದಲ್ಲವೇ?’ ಎಂಬುದು ವೈದ್ಯರಿಗೆ ಆಗಾಗ ಎದುರಾಗುವ ಪ್ರಶ್ನೆ. ಕಡಿಮೆಯಾಗಲೂಬಹುದು. ಆದರೆ ಮನೆಯನ್ನು ಗಾಳಿಯೊಂದನ್ನೇ ನೋಡಿ ಆರಿಸುವುದು ಹೆಣ್ಣಿನ ಫೋಟೋ ಒಂದನ್ನೇ ನೋಡಿ ಮದುವೆ ನಿಶ್ಚಯಿಸಿದಂತೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಾಣುತ್ತದೆ. ಅದರಲ್ಲೂ ಸೈಟು ತೋರಿಸಲು ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಕರೆದುಕೊಂಡು ಹೋದಾಗ ಇನ್ನಷ್ಟು ನುಣ್ಣಗೆ ಕಾಣುತ್ತದೆ.

ಗಾಳಿಯ ಮಾತನ್ನು ಮೊದಲು ಮುಗಿಸಿಬಿಡೋಣ. ನೆಲಮಂಗಲದಲ್ಲಿ ತುಮಕೂರಿನ ಹೆದ್ದಾರಿಯೂ ಹಾಸನ–ಮಂಗಳೂರಿನ ಹೆದ್ದಾರಿಯೂ ಕೂಡುತ್ತವೆ. ಹಗಲು ರಾತ್ರಿ ಲಾರಿಗಳ ಸಾಲು. ಹೊಸಕೋಟೆಯನ್ನು ಕೋಲಾರದ ಹೆದ್ದಾರಿ ಹಾದುಹೋಗುತ್ತದೆ. ವಾಹನಗಳ ಹೊಗೆ ರಸ್ತೆಯ ಇಕ್ಕೆಲಗಳ ಕೆಲವು ನೂರು ಮೀಟರುಗಳಲ್ಲಿ ಅತಿ ಹೆಚ್ಚು. ಆದ್ದರಿಂದ ಊರು ಯಾವುದು ಎಂಬುದಕ್ಕಿಂತ ಮನೆ ಹೆದ್ದಾರಿಯಿಂದ ಎಷ್ಟು ಒಳಗಿದೆ ಎಂಬುದು ಮುಖ್ಯ. ಬಿಡದಿಯ ಕಡೆ ಇನ್ನೊಂದು ಸಂಗತಿಯಿದೆ. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನು ಹೊತ್ತ ವೃಷಭಾವತಿ ಅಲ್ಲಿನ ಬೈರಮಂಗಲ ಕೆರೆಗೆ ಸೇರುತ್ತದೆ. ಕೆರೆಯ ದಿಕ್ಕಿನಿಂದ ಗಾಳಿ ಬೀಸುವ ಸಂಜೆಯೊಂದರಲ್ಲಿ ಅಲ್ಲಿ ನಿಂತು ನೋಡಿ. ದಲ್ಲಾಳಿಯನ್ನು ಕೇಳುವ ಅಗತ್ಯವೇ ಇರುವುದಿಲ್ಲ.

ಗಾಳಿಗಿಂತ ನನಗೆ ಹೆಚ್ಚು ಚಿಂತೆ ನೀರಿನದು. 2007ರಲ್ಲಿ ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತದ ಯೋಜನೆ 2024ರಲ್ಲಿ ಉದ್ಘಾಟನೆಯಾಯಿತು. ಮೇಲೆ ಹೇಳಿದ ಊರುಗಳು ಆ ಪಟ್ಟಿಯಲ್ಲಿಲ್ಲ. ಅಲ್ಲಿನ ಹೊಸ ಬಡಾವಣೆಗಳಲ್ಲಿ ಬಹುಪಾಲು ಕೊಳವೆಬಾವಿ, ಇಲ್ಲವೇ ಟ್ಯಾಂಕರ್. ಟ್ಯಾಂಕರಿನ ನೀರೂ ಎಲ್ಲಿಯೋ ಒಂದು ಕೊಳವೆಬಾವಿಯದೇ.

ನೀರು ಗಡಸಾಗಿದ್ದರೆ ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಗುವುದಿಲ್ಲ, ಗೃಹಿಣಿಗೆ ಒಂದೇ ದಿನದಲ್ಲಿ ತಿಳಿಯುತ್ತದೆ. (ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆಂದು ಹೆದರುವವರಿದ್ದಾರೆ. ಕಡಿಮೆ ನೀರು ಕುಡಿಯುವುದೇ ಅದಕ್ಕಿಂತ ದೊಡ್ಡ ಕಾರಣ.) ಕಣ್ಣಿಗೂ ನಾಲಿಗೆಗೂ ತಿಳಿಯದೆ ಬರುವುದು ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಅಂತರ್ಜಲದಲ್ಲಿ ಇದರ ಕಾಟ ಹಳೆಯದು; ಬೆಂಗಳೂರಿನಿಂದ ಪೂರ್ವಕ್ಕೆ ಹೋಗುವವರು ಇದನ್ನು ನೆನಪಿಡಬೇಕು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದಾಗ 1.5ರವರೆಗೆ ಒಪ್ಪಬಹುದು. ಹೆಚ್ಚಾದರೆ ಎಂಟು ವರ್ಷದೊಳಗಿನ ಮಕ್ಕಳಲ್ಲಿ ರೂಪುಗೊಳ್ಳುತ್ತಿರುವ ಹಲ್ಲುಗಳ ಮೇಲೆ ಬಿಳಿ, ಕಂದು ಕಲೆಗಳು ಮೂಡುತ್ತವೆ. ಆ ಕಲೆ ಉಜ್ಜಿದರೆ ಹೋಗುವುದಿಲ್ಲ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ.

ಎರಡನೆಯದು ನೈಟ್ರೇಟ್. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಪ್ರತಿ ಮನೆಗೂ ಒಂದು ಗುಂಡಿ, ಪಕ್ಕದಲ್ಲೇ ಕೊಳವೆಬಾವಿ. ಗುಂಡಿಯದು ಬಾವಿಗೆ ಇಳಿಯದೆ ಎಲ್ಲಿಗೆ ಹೋದೀತು? ಲೀಟರಿಗೆ 45 ಮಿಲಿಗ್ರಾಂ ಇದರ ಮಿತಿ. ಅದನ್ನು ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಆರು ತಿಂಗಳೊಳಗಿನ ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ನೀರು ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರಿಂದಲೂ ಪ್ರಯೋಜನವಿಲ್ಲ. ಆರ್‌ಒ ಯಂತ್ರವೇ ಬೇಕು. ಅದಕ್ಕೂ ಮೊದಲು, ಮುಂಗಡ ಕೊಡುವ ಮುನ್ನವೇ, ಮೋಟಾರನ್ನು ಕೆಲವು ನಿಮಿಷ ಓಡಿಸಿ ಶುಭ್ರವಾದ ಬಾಟಲಿಯಲ್ಲಿ ಒಂದು ಲೀಟರು ನೀರು ಹಿಡಿದು ಪ್ರಯೋಗಾಲಯಕ್ಕೆ ಕೊಡಿ. ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಮನೆಗೆ ಈ ಖರ್ಚು ಏನೂ ಅಲ್ಲ. ಕಾಗದಪತ್ರಗಳನ್ನು ವಕೀಲರಿಗೆ ತೋರಿಸುವ ನಾವು ನೀರನ್ನು ಯಾರಿಗೂ ತೋರಿಸುವುದಿಲ್ಲ!

ವಾರಕ್ಕೆರಡು ಸಲ ನೀರು ಬರುವಲ್ಲಿ ಡ್ರಮ್ಮು, ಸಂಪು, ಕೊಡಗಳಲ್ಲಿ ತುಂಬಿಡಲೇಬೇಕಾಗುತ್ತದೆ. ಡೆಂಗೆ ಹರಡುವ ಸೊಳ್ಳೆಗೆ ಬೇಕಾಗಿರುವುದೂ ಅದೇ, ನಿಂತ ಸ್ವಚ್ಛ ನೀರು. ಮುಚ್ಚಳ ಬಿಗಿಯಾಗಿರಲಿ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ.

ಇನ್ನು ಪ್ರಯಾಣ. ನಮ್ಮ ಮೆಟ್ರೊ ವೈಟ್‌ಫೀಲ್ಡ್ ಮತ್ತು ಚಲ್ಲಘಟ್ಟವನ್ನು 2023ರಲ್ಲಿ, ಮಾದಾವರವನ್ನು 2024ರಲ್ಲಿ, ಬೊಮ್ಮಸಂದ್ರವನ್ನು 2025ರಲ್ಲಿ ಮುಟ್ಟಿದೆ. ಹೊಸಕೋಟೆ, ಬಿಡದಿ, ನೆಲಮಂಗಲ, ಆನೇಕಲ್ಲಿನವರು ಅಲ್ಲಿಯವರೆಗೆ ಬರಬೇಕಾದದ್ದು ಅವರವರ ಪಾಡು. ಮನೆಯಿಂದ ಕಚೇರಿಗೆ ಎರಡು ಗಂಟೆ ಎಂದಿಟ್ಟುಕೊಳ್ಳಿ. ದಿನಕ್ಕೆ ನಾಲ್ಕು, ವಾರಕ್ಕೆ ಇಪ್ಪತ್ತು, ವರ್ಷಕ್ಕೆ ಐವತ್ತು ವಾರವೆಂದರೆ 1000 ಗಂಟೆ; ಹಗಲು ರಾತ್ರಿ ಸೇರಿಸಿ ಸುಮಾರು 42 ದಿನ ರಸ್ತೆಯಲ್ಲೇ. ಈ ಹೊತ್ತು ಬರುವುದು ನಿದ್ರೆಯಿಂದ, ನಡಿಗೆಯಿಂದ, ಮಕ್ಕಳೊಡನೆ ಊಟ ಮಾಡುವ ಸಮಯದಿಂದ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ ಎಂದು ವೈದ್ಯರು ಹೇಳಿದರೆ, ರಾತ್ರಿ ಒಂಬತ್ತಕ್ಕೆ ಮನೆ ಸೇರಿ ಬೆಳಿಗ್ಗೆ ಆರಕ್ಕೆ ಹೊರಡುವವರು ಯಾವಾಗ ನಡೆದಾರು? ರಕ್ತದೊತ್ತಡ, ಸಕ್ಕರೆ ಕಾಯಿಲೆ ಈಗಾಗಲೇ ಇರುವ ನಲವತ್ತು ದಾಟಿದ ಮನುಷ್ಯ ಶುದ್ಧ ಗಾಳಿಗಾಗಿ ಈ ಬೆಲೆ ತೆರುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯಾಪಾರ. ಅದೇ ಊರಿನ ಕಾರ್ಖಾನೆಯಲ್ಲೋ ಶಾಲೆಯಲ್ಲೋ ಕೆಲಸವಿರುವವರ ಮಾತು ಬೇರೆ, ಅವರು ಪುಣ್ಯವಂತರು.

ಇಷ್ಟಾದರೂ ಈ ಲೆಕ್ಕಾಚಾರದಲ್ಲಿ ಮರೆತುಹೋಗುವವರು ಮನೆಯ ಹಿರಿಯರು. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಹನ್ನೆರಡು ಗಂಟೆ ಆ ಮನೆಯಲ್ಲಿರುವವರು ಅಜ್ಜ ಅಜ್ಜಿ. ನಲವತ್ತು ಸೈಟುಗಳ ಬಡಾವಣೆಯಲ್ಲಿ ಐದು ಮನೆ ಎದ್ದಿವೆ, ರಾತ್ರಿ ಎರಡರಲ್ಲಿ ದೀಪ ಉರಿಯುತ್ತದೆ. ಚಾಮರಾಜಪೇಟೆಯಲ್ಲೋ ಮಲ್ಲೇಶ್ವರದಲ್ಲೋ ಇದ್ದಾಗ ಆಕೆ ಹೂವು ತರಲು ಬೀದಿ ತುದಿಗೆ ಹೋಗುತ್ತಿದ್ದರು, ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಜನರೊಡನೆ ಕೂರುತ್ತಿದ್ದರು. ಅದೇ ಅವರ ವ್ಯಾಯಾಮ, ಅದೇ ಔಷಧ. ಅದು ತಪ್ಪಿದಾಗ ಕಾಲಿನ ಬಲ ಕುಗ್ಗುತ್ತದೆ, ಊಟ ಸೇರುವುದಿಲ್ಲ, ಮಾತು ಕಡಿಮೆಯಾಗುತ್ತದೆ. ಮನೆಯವರು ಇದನ್ನು ‘ವಯಸ್ಸಾಯಿತು’ ಎಂದುಬಿಡುತ್ತಾರೆ.

ಅವಘಡ ಸಂಭವಿಸಿದರೆ? ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಹನ್ನೆರಡು ಗಂಟೆಯೊಳಗೆ ಕೊಡಬಹುದಾದರೂ ಮೊದಲ ಒಂದೆರಡು ಗಂಟೆಯಲ್ಲಿ ಸಿಕ್ಕರೇ ಅದರ ಪೂರ್ಣ ಫಲ. ಪಾರ್ಶ್ವವಾಯುವಿಗೆ ನಾಲ್ಕೂವರೆ ಗಂಟೆ, ಅದೂ ಸಿ.ಟಿ. ಸ್ಕ್ಯಾನ್ ಮಾಡಿದ ಮೇಲೆ. ಆದ್ದರಿಂದ ಆಸ್ಪತ್ರೆ ಎಷ್ಟು ಕಿಲೋಮೀಟರು ಎಂದು ಕೇಳಬೇಡಿ. ರಾತ್ರಿ ಎರಡು ಗಂಟೆಗೆ ವೈದ್ಯರಿರುತ್ತಾರೆಯೇ, ಸ್ಕ್ಯಾನ್ ಯಂತ್ರಕ್ಕೆ ತಂತ್ರಜ್ಞರಿರುತ್ತಾರೆಯೇ ಎಂದು ಕೇಳಿ. ಹೊಲ ಒಡೆದು ಮಾಡಿದ ಬಡಾವಣೆಗಳಲ್ಲಿ ನಾಗರಹಾವು, ಕೊಳಕುಮಂಡಲ ಇನ್ನೂ ಓಡಾಡುತ್ತಿರುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧ ಇದೆಯೇ ಎಂಬುದನ್ನೂ ವಿಚಾರಿಸಿ. 108ರ ಆಂಬುಲೆನ್ಸ್ ನಿಲ್ಲುವುದೆಲ್ಲಿ, ನಿಮ್ಮ ಗೇಟಿನವರೆಗೆ ರಸ್ತೆ ಮಳೆಗಾಲದಲ್ಲೂ ಇರುತ್ತದೆಯೇ? ಇವಕ್ಕೆಲ್ಲ ಸರಿಯಾದ ಉತ್ತರ ಸಿಗುವುದು ಬಸ್ ನಿಲ್ದಾಣದ ಬಳಿಯ ಔಷಧಿ ಅಂಗಡಿಯವರಿಂದ, ಬಣ್ಣದ ಜಾಹೀರಾತಿನಿಂದಲ್ಲ.

ಹೀಗೆಲ್ಲ ಹೇಳಿ ಯಾರನ್ನೂ ಹೆದರಿಸುವ ಉದ್ದೇಶ ನನಗಿಲ್ಲ. ಹೆದ್ದಾರಿಯ ಪಕ್ಕದ ಹೊಸ ಬಡಾವಣೆಗಿಂತ ಹಳೆಯ ಪೇಟೆ ಬೀದಿಗೆ ನಡೆದು ಹೋಗುವಷ್ಟು ಹತ್ತಿರದ ಮನೆ ಚಿಕ್ಕದಾದರೂ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂತೆ, ಸರ್ಕಾರಿ ಆಸ್ಪತ್ರೆ, ಬಸ್ಸು, ಮಾತನಾಡಿಸುವ ಜನ ಎಲ್ಲವೂ ಅಲ್ಲಿವೆ. ಸಾಧ್ಯವಾದರೆ ಕೊಳ್ಳುವ ಮುನ್ನ ಒಂದು ವರ್ಷ ಅದೇ ಊರಿನಲ್ಲಿ ಬಾಡಿಗೆಗಿರಿ. ವರ್ಷ ಆಗದಿದ್ದರೆ ಏಪ್ರಿಲ್, ಮೇ ತಿಂಗಳುಗಳನ್ನಾದರೂ ತಪ್ಪಿಸಬೇಡಿ. ಕೊಳವೆಬಾವಿ ಬತ್ತುವುದು, ಟ್ಯಾಂಕರಿನವನು ಬೆಲೆ ಏರಿಸುವುದು ಆಗಲೇ. ಮತ್ತು ಹೋಗುವಾಗ ಅಮ್ಮನನ್ನೋ ಮಾವನವರನ್ನೋ ಜೊತೆಗೆ ಕರೆದುಕೊಂಡು ಹೋಗಿ, ಮೊದಲು ಅವರ ಅಭಿಪ್ರಾಯ ಕೇಳಿ.