ಸಾಲಕ್ಕೆ ಮುನ್ನ ಸ್ವಂತ ಲೆಕ್ಕ

ವಿಜಯಪುರ, ಬಾಗಲಕೋಟೆಗಳ ಬರದ ನೆಲವನ್ನು ತೊರೆದು ಗೋವೆಯ ವಾಸ್ಕೋ, ಜುವಾರಿನಗರಗಳಲ್ಲಿ ದುಡಿಮೆಯಿಂದ ನೆಲೆಗೊಂಡ ನಮ್ಮ ಕನ್ನಡಿಗರು ಮನೆಗೋ ವಾಹನಕ್ಕೋ ಸಾಲವನ್ನು ಯಾಚಿಸುವ ಮುನ್ನ, ತಮ್ಮ ಪೂರ್ವಋಣಗಳ ಚರಿತ್ರೆಯನ್ನು 300ರಿಂದ 900ರವರೆಗಿನ ಒಂದು ಅಂಕದಲ್ಲಿ ಸಂಗ್ರಹಿಸಿ ಹೇಳುವ ಸಿಬಿಲ್ ಮೊದಲಾದ ಸಂಸ್ಥೆಗಳ ವರದಿಯನ್ನು ತಾವೇ ಓದಿನೋಡುವುದು ಅವಶ್ಯವೆಂದು ನಾನು ದೃಢವಾಗಿ ನಂಬಿದ್ದೇನೆ.

ಊರಿನ ಅಂಗಡಿಯ ಖಾತೆಯಲ್ಲಿ ತಪ್ಪಿದ್ದರೆ ಸಾಹುಕಾರನೆದುರು ನಿಂತು ಕೇಳಬಹುದಿತ್ತು; ಈ ಅದೃಶ್ಯ ಖಾತೆಯಲ್ಲಾದರೋ, ತೀರಿಸಿದ ಸಾಲವು ಬಾಕಿಯೆಂದೇ ಉಳಿದಿರಲಿ, ಪರರ ಋಣವು ನಮ್ಮ ಹೆಸರಿಗೆ ಅಂಟಿರಲಿ, ಅರ್ಜಿಯು ತಿರಸ್ಕೃತವಾಗುವ ತನಕ ಅನೇಕರಿಗೆ ತಿಳಿಯದು. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡತಕ್ಕದ್ದು; ಸ್ವತಃ ನೋಡಿಕೊಂಡ ಮಾತ್ರಕ್ಕೆ ಅಂಕ ಕುಗ್ಗದು; ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನವೊಂದಕ್ಕೆ 100 ರೂಪಾಯಿ ಪರಿಹಾರವೂ ಸಲ್ಲತಕ್ಕದ್ದು. ಗೋವೆಯ ಕನ್ನಡ ಸಂಘಗಳು ರಾಜ್ಯೋತ್ಸವದಷ್ಟೇ ಶ್ರದ್ಧೆಯಿಂದ ಈ ಓದಿಗೂ ನೆರವಾಗಲಿ.