ಅಚ್ಚುಮನೆಯ ಆದೇಶವಿಧಿ

ಒಂದು ಅಕ್ಷರದ ಸ್ಥಾನದಲ್ಲಿ ಮತ್ತೊಂದು ಬಂದು ನಿಲ್ಲುವುದನ್ನು ವೈಯಾಕರಣರು ‘ಆದೇಶ’ವೆನ್ನುತ್ತಾರೆ. ಮಳೆ, ಕಾಲ ಎಂಬಿವು ಕೂಡಿ ‘ಮಳೆಗಾಲ’ವಾಗುವುದು ಸರ್ವವಿದಿತ. ಆದರೆ ‘ತಲೆಕಟ್ಟು’ ಎಂಬುದು ‘ತಲೆಗಟ್ಟು’ ಆಗದು. ವಿಧಿಯಿದ್ದಲ್ಲಿ ನಿಷೇಧವೂ ಉಂಟು.

ಗಣಕಯಂತ್ರದ ಅಚ್ಚುಜೋಡಣೆಯಲ್ಲಿಯೂ ಇಂತಹುದೇ ವಿಧಿಯಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ ‘ಟೆಕ್’ ವ್ಯವಸ್ಥೆಯು, ಇಂಗ್ಲಿಷಿನ ಎಫ್, ಐ ಅಕ್ಷರಗಳು ಒತ್ತೊತ್ತಾಗಿ ಬಂದರೆ ಅವೆರಡಕ್ಕೂ ಬದಲಾಗಿ ಒಂದೇ ಕೂಡಕ್ಷರವನ್ನು ತಾನಾಗಿ ಇರಿಸುತ್ತದೆ. ಮೂರು ಕಿರುಗೆರೆಗಳನ್ನು ಒಂದು ದೀರ್ಘರೇಖೆಯಾಗಿಸುತ್ತದೆ. ಬರೆದವನ ಮೂಲಪ್ರತಿಯಾದರೋ ಇದ್ದಂತೆಯೇ ಉಳಿಯುತ್ತದೆ. ಬದಲಾಗುವುದು ಅಚ್ಚಿನ ರೂಪವಷ್ಟೆ. ಶ್ಲಾಘ್ಯವಾದ ಮರ್ಯಾದೆಯಿದು! ಆದರೂ ‘ಶೆಲ್ಫ್‌ಫುಲ್’ ಎಂಬ ಪದದಲ್ಲಿ ಒಂದು ಎಫ್ ಪ್ರಕೃತಿಗೆ ಸೇರಿದ್ದು, ಇನ್ನೊಂದು ಪ್ರತ್ಯಯಕ್ಕೆ. ಅವನ್ನು ಬೆಸೆಯಬಾರದೆಂಬುದನ್ನು ಯಂತ್ರವೇನು ಬಲ್ಲದು? ನಡುವೆ ಬರಿದಾದ ಆವರಣಚಿಹ್ನೆಯನ್ನಿಟ್ಟು ತಡೆಯುವ ಅಧಿಕಾರವನ್ನು ಕನೂತ್ ಅವರು ಬರೆಯುವವನ ಕೈಯಲ್ಲಿಯೇ ಉಳಿಸಿದರು. ವಿಧಿಯನ್ನು ಯಂತ್ರಕ್ಕೊಪ್ಪಿಸಬಹುದು, ನಿಷೇಧವನ್ನು ಒಪ್ಪಿಸಲಾಗದು.

ಕನ್ನಡದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಯುನಿಕೋಡ್ ಪದ್ಧತಿಯಲ್ಲಿ ‘ಸೂರ್ಯ’ ಎಂದು ಒತ್ತಿದಾಗ ರಕಾರವು ತಾನೇ ಅರ್ಕಾವತ್ತಾಗುವುದು ಯುಕ್ತವೇ. ಅದೇ ವಿಧಿ ‘ರ‍್ಯಾಂಕ್’ ಎಂಬಲ್ಲಿಯೂ ನಡೆದು, ‘ರ್ಯಾಂಕ್’ ಎಂಬ ವಿಕಾರರೂಪ ಪತ್ರಿಕೆ, ಆಮಂತ್ರಣಗಳಲ್ಲೆಲ್ಲ ಕಾಣುತ್ತಿದೆ. ರಕಾರದ ಬೆನ್ನಿಗೆ, ಕಣ್ಣಿಗೆ ಕಾಣದ ಜೋಡಕಚಿಹ್ನೆಯೊಂದನ್ನು ಒತ್ತಿದರೆ ದೋಷ ತೊಲಗುತ್ತದೆ. ಉಪಾಯವಿದ್ದೂ ಯಂತ್ರವನ್ನು ದೂರುವುದು ಸೋಮಾರಿತನವಲ್ಲದೆ ಮತ್ತೇನು? ಬೆರಳಚ್ಚು ಕಲಿಸುವ ಉಪಾಧ್ಯಾಯರು ಮೊದಲ ವಾರದಲ್ಲಿಯೇ ಈ ಚಿಹ್ನೆಯ ಕೀಲಿಯನ್ನು ಮಕ್ಕಳಿಗೆ ತೋರಿಸಿಕೊಡಬೇಕು.